ಹುಲ್ಲುಟೋಪಿ ಬಾವುಟ: ಕೊಳ್ಳೋದಾ, ಹೊಲಿಸೋದಾ?

ಕಪ್ಪು ಬಟ್ಟೆ, ಬಿಳಿ ಬುರುಡೆ, ಅದರ ಹಿಂದೆ ಅಡ್ಡಡ್ಡ ಎರಡು ಮೂಳೆ, ತಲೆ ಮೇಲೆ ಕೆಂಪು ಪಟ್ಟಿಯ ಹುಲ್ಲುಟೋಪಿ. ಐಚಿರೋ ಓಡಾ 1997ರಿಂದ ಬರೆಯುತ್ತಾ ಬಂದಿರುವ ಜಪಾನಿ ಚಿತ್ರಕತೆ ‘ಒನ್ ಪೀಸ್’ ಓದಿದವರಿಗೆ ಇದು ಅದರ ನಾಯಕ, ಕಡಲ್ಗಳ್ಳ ಲುಫಿಯ ಹಡಗಿನ ಬಾವುಟ. ಓದದವರೂ 2025ರಲ್ಲಿ ಸುದ್ದಿಯಲ್ಲಿ ನೋಡಿರುತ್ತಾರೆ. ಇಂಡೋನೇಷ್ಯಾದಲ್ಲಿ ಸ್ವಾತಂತ್ರ್ಯ ದಿನಕ್ಕೆ ಮುಂಚೆ ಲಾರಿ ಡ್ರೈವರುಗಳು ಪ್ರತಿಭಟನೆಯ ಗುರುತಾಗಿ ಇದನ್ನೇ ಕಟ್ಟಿಕೊಂಡು ಓಡಾಡಿದರು, ಸೆಪ್ಟೆಂಬರಿನಲ್ಲಿ ನೇಪಾಳದ ಯುವಕರ ಪ್ರತಿಭಟನೆಯ ಹೊತ್ತಿಗೆ ಕಠ್ಮಂಡುವಿನ ಸರ್ಕಾರಿ ಕಚೇರಿಗಳ ಸಂಕೀರ್ಣ ಸಿಂಹ ದರ್ಬಾರದ ಗೇಟಿನ ಮೇಲೂ ಇದು ನೇತಾಡಿತು. ಬೆಂಗಳೂರಿನಲ್ಲಿ ಇದನ್ನು ಪಡೆಯಲು ಮೂರು ದಾರಿ ಇವೆ: ಆನ್‌ಲೈನ್ ರೆಡಿಮೇಡ್, ಪ್ರಿಂಟಿಂಗ್ ಅಂಗಡಿಯ ಸ್ಯಾಟಿನ್, ಇಲ್ಲವೇ ಬಟ್ಟೆ ತಂದು ಹೊಲಿಸುವುದು.

ರೆಡಿಮೇಡ್‌ನದ್ದು ತೆಳು ಪಾಲಿಯೆಸ್ಟರ್. 3 ಅಡಿ × 5 ಅಡಿ ಎಂದು ಬರೆದಿರುತ್ತಾರೆ. ಟೇಪು ಹಿಡಿದರೆ ಒಂದೆರಡು ಇಂಚು ಕಮ್ಮಿ ಬರುವುದು ಮಾಮೂಲು. ಇದರ ದೊಡ್ಡ ಗುಣ ಹಾರಾಟ. ನಮ್ಮೂರಿನ ಸಣ್ಣ ಗಾಳಿಗೂ ಬಿಚ್ಚಿಕೊಳ್ಳುತ್ತದೆ, ಮಳೆಯಲ್ಲಿ ನೆಂದರೂ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕೋಲಿನಿಂದ ದೂರದ ಅಂಚು ಮೊದಲು ಹರಿಯುತ್ತದೆ, ಏಕೆಂದರೆ ಗಾಳಿಯ ಪೆಟ್ಟೆಲ್ಲ ಅಲ್ಲಿಗೇ, ಹೊಲಿಗೆ ಮಾತ್ರ ಒಂದೇ ಸಾಲು. ತಂದ ದಿನವೇ ಆ ಅಂಚನ್ನು ಎರಡು ಮಡಿಕೆ ಮಡಿಸಿ ಇನ್ನೊಂದು ಸಾಲು ಹಾಕಿಸಿ. ಐಲೆಟ್ಟುಗಳು, ಅಂದರೆ ಹಗ್ಗ ತೂರಿಸುವ ಲೋಹದ ಉಂಗುರಗಳು, ಹಿತ್ತಾಳೆಯ ಹಾಗೆ ಕಾಣುತ್ತವೆ. ಎಷ್ಟೋ ಸಲ ಒಳಗೆ ಕಬ್ಬಿಣವೇ ಇರುತ್ತದೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಮಳೆ ಬಂದಾಗ ಸುತ್ತ ಕಂದು ಉಂಗುರ ಬೀಳುವುದು ಖಾತ್ರಿ. ಟೋಪಿಯ ಬಣ್ಣ ಹೆಚ್ಚಾಗಿ ನಿಂಬೆ ಹಳದಿಗೆ ತಿರುಗಿರುತ್ತದೆ. ಒಣಹುಲ್ಲಿನ ಬಣ್ಣ ಅದಲ್ಲ.

ಪ್ರಿಂಟ್ ಹಾಕಿಸುವವರು ಸುಲ್ತಾನ್‌ಪೇಟೆ ಕಡೆ ಹೋಗುತ್ತಾರೆ. ಬೇಕಾದ ಅಳತೆಗೆ ಸಿಗುತ್ತದೆ, ಅದೊಂದೇ ಲಾಭ. ಫೋನಿನ ಸ್ಕ್ರೀನ್‌ಶಾಟ್ ಕೊಟ್ಟರೆ ಕೆಲಸ ಕೆಟ್ಟಿತು: 1080 ಪಿಕ್ಸೆಲ್ ಅಗಲದ ಚಿತ್ರವನ್ನು 36 ಇಂಚಿಗೆ ಎಳೆದರೆ ಇಂಚಿಗೆ 30 ಪಿಕ್ಸೆಲ್ ಉಳಿಯುತ್ತದೆ, ಬುರುಡೆಯ ಹಲ್ಲೆಲ್ಲ ಮೆಟ್ಟಿಲು ಮೆಟ್ಟಿಲು. ಕನಿಷ್ಠ 3600 ಪಿಕ್ಸೆಲ್ ಅಗಲದ ಫೈಲ್ ಒಯ್ಯಿರಿ. ಇನ್ನೊಂದು ತೊಂದರೆ ಈ ವಿಧಾನದಲ್ಲೇ ಇದೆ. ಬಟ್ಟೆ ಬಿಳಿ, ಕಪ್ಪು ಅದರ ಮೇಲೆ ಹತ್ತಿಸಿದ ಬಣ್ಣ. ಹಾಗಾಗಿ ನಾಲ್ಕು ಸಲ ಮಡಿಸಿದರೆ ಮಡಿಕೆಯಲ್ಲಿ ಬೆಳ್ಳಗೆ ಗೆರೆ ಏಳುತ್ತದೆ, ಹಿಂಬದಿ ಬೂದಿ ಬಣ್ಣಕ್ಕೆ ಕಾಣುತ್ತದೆ. ಗೋಡೆಗೆ ಹೊಡೆದು ಬಿಡುವುದಾದರೆ ಸರಿ. ಹೊರಗೆ ಹಿಡಿಯಲು ಬೇಡ.

ಬಾವುಟ ಅಂದರೆ ಅಭಿಮಾನಿಗಳಿಗೆ ಏನು ಎಂದು ಗೊತ್ತಿಲ್ಲದೆ ಯಾವುದು ಒಳ್ಳೆಯದು ಎಂದು ಹೇಳಲಾಗದು. ಈ ಕತೆಯಲ್ಲಿ ಬಾವುಟ ಅಲಂಕಾರಕ್ಕಿಲ್ಲ. 41ನೇ ಸಂಪುಟದಲ್ಲಿ, ಒಬ್ಬಳೇ ಒಬ್ಬ ಗೆಳತಿಯನ್ನು ಬಿಡಿಸಿಕೊಳ್ಳಲು ಬಂದ ಲುಫಿ, ಲೋಕವನ್ನೇ ಆಳುವ ಸರ್ಕಾರದ ಬಾವುಟಕ್ಕೆ ಬೆಂಕಿ ಹಾಕಿಸುತ್ತಾನೆ. ರಾಜ್ಯ ಕಟ್ಟುವ ಆಸೆ ಅವನಿಗಿಲ್ಲ. ದಬ್ಬಾಳಿಕೆಯ ದೊರೆಯನ್ನು ಕೆಳಗಿಳಿಸಿದ ಊರಲ್ಲೂ ಸಿಂಹಾಸನ ಕೇಳುವುದಿಲ್ಲ. ಹೊಟ್ಟೆ ತುಂಬ ಉಂಡು ಹಡಗು ಹತ್ತುತ್ತಾನೆ. ಅಭಿಮಾನಿಗಳು ಹಿಡಿದುಕೊಂಡಿರುವುದು ಇದನ್ನೇ, ಕಡಲ್ಗಳ್ಳತನವನ್ನಲ್ಲ. ಇನ್ನೊಂದು ಸಣ್ಣ ವಿವರ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು: ಲುಫಿ ತಾನೇ ಬಿಡಿಸಿದ ಮೊದಲ ಚಿತ್ರ ನೋಡುವ ಹಾಗಿರಲಿಲ್ಲ, ಚಿತ್ರ ಬಿಡಿಸಲು ಬರುವ ಹಡಗಿನ ಗೆಳೆಯ ಉಸೋಪ್ ಅದನ್ನು ಮತ್ತೆ ಬರೆದುಕೊಟ್ಟ. ಕತೆಯೊಳಗೇ ಇದು ಕೈಯಲ್ಲಿ ಮಾಡಿದ ಬಾವುಟ.

ಹಾಗಾಗಿ ನಮ್ಮ ವೋಟು ಹೊಲಿಸುವುದಕ್ಕೆ. 36 × 24 ಇಂಚಿನ ಬಾವುಟಕ್ಕೆ ಚಿಕ್ಕಪೇಟೆಯಲ್ಲಿ 36 ಇಂಚು ಪನ್ನದ ಕಪ್ಪು ಕಾಟನ್ ಪಾಪ್ಲಿನ್ ಒಂದೂಕಾಲು ಮೀಟರ್ ತೆಗೆದುಕೊಳ್ಳಿ. ಒಂದು ಮೀಟರ್ ಸಾಕು ಅನ್ನಿಸುತ್ತದೆ, ಸಾಲುವುದಿಲ್ಲ. 36ರ ಮೇಲೆ ಅಂಚಿಗೆ 1 ಇಂಚು, ಕೋಲು ತೂರಿಸಲು ಎರಡೂವರೆ ಇಂಚು ಸೇರಿದರೆ 39.5, ಮೀಟರಿಗೆ 39.37 ಮಾತ್ರ, ಅದರಲ್ಲೂ ನೀರು ಕಂಡರೆ ಕುಗ್ಗುತ್ತದೆ. ಬಿಳಿ ಅರ್ಧ ಮೀಟರ್, ಒಣಹುಲ್ಲಿನ ಹಳದಿ ಕಾಲು ಮೀಟರ್. ಕೆಂಪಿಗೆ ದುಡ್ಡು ಕೊಡಬೇಡಿ, ಯಾವ ಟೈಲರ್ ಹತ್ತಿರವಾದರೂ ಚೂರು ಸಿಗುತ್ತದೆ. ಎಲ್ಲವೂ ಕಾಟನ್ನೇ ಇರಲಿ. ಕಪ್ಪು ಕಾಟನ್, ಬಿಳಿ ಪಾಲಿಯೆಸ್ಟರ್ ಮಾಡಿದರೆ ಮೊದಲ ಒಗೆತದಲ್ಲಿ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಬುರುಡೆ ಹಪ್ಪಳದ ಹಾಗೆ ಉಬ್ಬುತ್ತದೆ.

ಕತ್ತರಿ ಹಾಕುವ ಮೊದಲು ಎಲ್ಲ ಬಟ್ಟೆಯನ್ನೂ ನೀರಿಗೆ ಹಾಕಿ ತೆಗೆಯಿರಿ, ಕಪ್ಪನ್ನು ಬೇರೆ ಬಕೆಟ್ಟಿನಲ್ಲಿ, ನೀರು ತಿಳಿಯಾಗುವ ತನಕ. ಬಿಳಿಯ ಹಿಂದೆ ಇಸ್ತ್ರಿಗೆ ಅಂಟುವ ಕ್ಯಾನ್ವಾಸ್ ಹಾಕಿ. ಹಾಕದಿದ್ದರೆ ಕೆಳಗಿನ ಕಪ್ಪು ಇಣುಕಿ ಬುರುಡೆ ಬೂದಿ ಬಳಿದ ಹಾಗೆ ಕಾಣುತ್ತದೆ, ಅಂಚಿನ ನೂಲೂ ಬಿಡುತ್ತದೆ. ಅಳತೆ ಹೀಗಿರಲಿ: ಮೂಳೆ ತಲಾ 24 ಇಂಚು ಉದ್ದ, ನಡು 2 ಇಂಚು ದಪ್ಪ, ಬುರುಡೆ 11 ಇಂಚು ಅಗಲ, ಟೋಪಿಯ ಅಂಚು 15 ಇಂಚು, ಕೆಂಪು ಪಟ್ಟಿ 1 ಇಂಚು. ಮೊದಲು ಕಾಗದದಲ್ಲಿ ಕತ್ತರಿಸಿ ಕಪ್ಪು ಬಟ್ಟೆಯ ಮೇಲಿಟ್ಟು ದೂರದಿಂದ ನೋಡಿ. ಮೂಳೆಯ ತುದಿಗಳು ಟೋಪಿಯ ಎರಡೂ ಕಡೆ ಹೊರಗೆ ಕಾಣಬೇಕು. ಮುಚ್ಚಿಹೋದರೆ ಅದು ಬಾವುಟವಲ್ಲ, ಟೋಪಿ ಹಾಕಿದ ಬುರುಡೆ ಅಷ್ಟೆ. ಹೊಲಿಯುವ ಕ್ರಮ: ಮೂಳೆ, ಬುರುಡೆ, ಟೋಪಿ, ಕೊನೆಗೆ ಕೆಂಪು ಪಟ್ಟಿ. ಕಣ್ಣು, ಮೂಗಿಗೆ ಬಿಳಿಯನ್ನು ಕೊರೆಯಬೇಡಿ, ಸಣ್ಣ ತೂತಿನ ಅಂಚು ನಿಲ್ಲುವುದಿಲ್ಲ. ಕಪ್ಪು ತುಂಡನ್ನು ಮೇಲೆ ಕೂರಿಸಿ. ಹಲ್ಲಿಗೆ ಬಟ್ಟೆಯೇ ಬೇಡ, ಕಪ್ಪು ದಾರದ ಗೆರೆ ಸಾಕು.

ಇಷ್ಟಕ್ಕೆ ದೊಡ್ಡ ಬೊಟಿಕ್ ಹುಡುಕಿಕೊಂಡು ಹೋಗಬೇಕಿಲ್ಲ. ಸೀರೆಗೆ ಫಾಲು, ಪಿಕೊ ಹಾಕುವ ಬೀದಿ ಬದಿಯ ಅಂಗಡಿಯಲ್ಲೇ ಜಿಗ್‌ಜಾಗ್ ಮಿಷನ್ ಇರುತ್ತದೆ. 3 ಮಿಲಿಮೀಟರ್ ಅಗಲ, ಹೊಲಿಗೆ ಒತ್ತೊತ್ತಾಗಿ ಎಂದು ಹೇಳಿದರೆ ಸಾಕು. ಬಟ್ಟೆಯ ಕೆಳಗೆ ಹಳೇ ಪೇಪರಿನ ಒಂದು ಹಾಳೆ ಇಡಿಸಿ, ಹೊಲಿದ ಮೇಲೆ ಹರಿದು ತೆಗೆದರಾಯಿತು. ಹಾಳೆ ಇಡದಿದ್ದರೆ ದಾರ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ, ಆ ಸುಕ್ಕು ಯಾವ ಇಸ್ತ್ರಿಗೂ ಹೋಗದು. ಒಂದು ಕೊರತೆ ಮುಚ್ಚಿಡುವ ಹಾಗಿಲ್ಲ: ಇಷ್ಟು ಪದರ ಬಿದ್ದ ಕಾಟನ್ ಭಾರ. ಪಾಲಿಯೆಸ್ಟರಿನ ಹಾಗೆ ಹಾರುವುದಿಲ್ಲ, ಜೋತುಬೀಳುತ್ತದೆ, ಮಳೆಗಾಲದಲ್ಲಿ ಒಣಗಲು ಇಡೀ ದಿನ ಬೇಕು. ಮೇಲಂಚಿನ ಮಡಿಕೆಯೊಳಗೆ ತೆಳ್ಳನೆ ಬಿದಿರು ಕಡ್ಡಿ ತೂರಿಸಿದರೆ ಬಿಚ್ಚಿಕೊಂಡೇ ನಿಲ್ಲುತ್ತದೆ.

ಬಂಡಾಯದ ಕತೆಗಳಿಂದ ಹೊರಬಂದ ಬೇರೆ ಗುರುತುಗಳ ಪಕ್ಕ ಇಟ್ಟರೆ ಈ ಬಾವುಟದ ಬೆಲೆ ತಿಳಿಯುತ್ತದೆ. ‘ವಿ ಫಾರ್ ವೆಂಡೆಟಾ’ದ ನಗುವ ಮುಖವಾಡ ನೋಡಿ: ಹಕ್ಕು ವಾರ್ನರ್ ಕಂಪನಿಯದ್ದು, ದೊಡ್ಡ ಕಂಪನಿಗಳ ವಿರುದ್ಧ ಬೀದಿಗಿಳಿದವರು ಅಸಲಿ ಮುಖವಾಡ ಕೊಂಡಾಗಲೆಲ್ಲ ದೊಡ್ಡ ಕಂಪನಿಯೊಂದಕ್ಕೇ ಪಾಲು ಹೋಯಿತು. ‘ಹಂಗರ್ ಗೇಮ್ಸ್’ನ ಮೂರು ಬೆರಳೆತ್ತುವ ಸನ್ನೆಗೆ ಕಾಸು ಖರ್ಚಿಲ್ಲ; 2014ರಲ್ಲಿ ಥಾಯ್ಲೆಂಡಿನಲ್ಲಿ, 2021ರಲ್ಲಿ ಮ್ಯಾನ್ಮಾರಿನಲ್ಲಿ ಸೇನೆಯ ಎದುರು ಅದೇ ಎದ್ದಿತು. ಬಾವುಟ ಇವೆರಡರ ನಡುವಿನದು, ಒಂದು ಮಧ್ಯಾಹ್ನದ ದುಡಿಮೆ ಕೇಳುತ್ತದೆ. ನಮ್ಮ ಹಳದಿ-ಕೆಂಪು ಬಾವುಟ ಇದಕ್ಕಿಂತ ಜಾಣತನದ್ದು: ಎರಡು ತುಂಡು, ಒಂದು ಹೊಲಿಗೆ, ಯಾವ ಆಟೋ ಸ್ಟ್ಯಾಂಡಿನವರೂ ಮಾಡಿಸಿಕೊಳ್ಳಬಹುದು. ಅದನ್ನು ರೂಪಿಸಿದ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಗಳನ್ನು ಬರೆದವರು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಜನಪ್ರಿಯ ಕತೆ ಬರೆದ ಕೈಯೇ ಬಾವುಟವನ್ನೂ ಕೊಟ್ಟಿತು.

ಹೊರಗೆ ಹಿಡಿಯುವವರಿಗೆ ಎರಡು ಮಾತು. ಆಗಸ್ಟ್ 15ಕ್ಕೆ ಮನೆ ಮೇಲೆ ರಾಷ್ಟ್ರಧ್ವಜ ಹಾರಿಸಿದ್ದರೆ ಇದನ್ನು ಅದೇ ಕೋಲಿಗೆ, ಅದಕ್ಕಿಂತ ಎತ್ತರಕ್ಕೆ ಅಥವಾ ಸರಿಸಮ ಪಕ್ಕಕ್ಕೆ ಕಟ್ಟುವ ಹಾಗಿಲ್ಲ. 2002ರ ಧ್ವಜ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಗೊತ್ತುಮಾಡಿರುವ ಜಾಗ ಫ್ರೀಡಂ ಪಾರ್ಕ್. ಅದು ಹಳೇ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಜಾಗ. ದಪ್ಪ ಕೋಲನ್ನು ಪೊಲೀಸರು ಒಪ್ಪದಿರಬಹುದು, ಕೋಲು ತೆಗೆದು ಎರಡು ಕೈಯಲ್ಲಿ ಹಿಡಿಯುವ ಹಾಗೆ ಮೂಲೆಗಳಿಗೆ ಲಾಡಿ ಹಾಕಿಸಿಕೊಂಡಿರಿ.

ಮಡಿಸಿಡಬೇಡಿ, ಕೋಲಿಗೆ ಸುತ್ತಿಡಿ. ಕಾಗದದ ನಮೂನೆಯನ್ನೂ ಎಸೆಯಬೇಡಿ: ಬಾವುಟ ನೋಡಿದವರು ಎಲ್ಲಿ ತಗೊಂಡ್ರಿ ಎಂದು ಕೇಳಿಯೇ ಕೇಳುತ್ತಾರೆ, ಅಂಗಡಿ ಹೆಸರಿನ ಬದಲು ಅದನ್ನೇ ಕೊಟ್ಟು ಕಳಿಸಿ.