ಬಿರುಸು ನಡಿಗೆಯೋ, ಜೋರು ಓಟವೋ, ಭಾರ ಎತ್ತುವುದೋ?

ಮೆಟ್ಟಿಲು ಹತ್ತಿದರೆ ಏದುಸಿರು, ಸಮಯವೂ ಕಡಿಮೆ, ಯಾವ ವ್ಯಾಯಾಮ ಆರಿಸಲಿ ಎಂದು ಕೇಳಿದ್ದೀರಿ. ದಮ್ಮು ಅಂದರೆ ಬರೀ ಹೃದಯ, ಶ್ವಾಸಕೋಶದ ಮಾತಲ್ಲ. ಸ್ನಾಯುಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗಗಳು ಆಮ್ಲಜನಕ ಬಳಸಿ ಕೊಬ್ಬು, ಸಕ್ಕರೆಯಿಂದ ಶಕ್ತಿ ತೆಗೆಯುತ್ತವೆ. ಅವು ಹೆಚ್ಚಿದರೆ ದಣಿವು ತಡವಾಗುತ್ತದೆ. ವ್ಯಾಯಾಮದಿಂದ ಅವು ಬೆಳೆಯುತ್ತವೆ ಎಂದು 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹಾಲೋಸ್ಜಿ ಇಲಿಗಳನ್ನು ಓಡಿಸಿ ತೋರಿಸಿದರು.

ಮೊದಲು ಸಮಯ ನೋಡೋಣ. ಇಲ್ಲಿ ಜೋರು ಓಟದಂಥ, ಪೂರ್ತಿ ಬಲ ಹಾಕುವ ವ್ಯಾಯಾಮವೇ ಮುಂದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2006ರ ಅಧ್ಯಯನದಲ್ಲಿ ಕೆಲವರು 30 ಸೆಕೆಂಡು ಪೂರ್ತಿ ಬಲ ಹಾಕಿ ಸೈಕಲ್ ತುಳಿದು, ಸುಧಾರಿಸಿಕೊಂಡು, ಮತ್ತೆ ತುಳಿದರು. ಇನ್ನು ಕೆಲವರು ಒಂದೂವರೆಯಿಂದ ಎರಡು ಗಂಟೆ ಒಂದೇ ಹದದಲ್ಲಿ ತುಳಿದರು. 2 ವಾರದಲ್ಲಿ ಎರಡೂ ಗುಂಪಿನವರ ಸ್ನಾಯುಗಳಲ್ಲೂ ಬದಲಾವಣೆ ಹೆಚ್ಚುಕಡಿಮೆ ಒಂದೇ! ಆದರೆ ಪೂರ್ತಿ ಬಲ ಹಾಕುವುದು ನಿಜಕ್ಕೂ ಕಷ್ಟ. ಬಿಪಿ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ.

ಬಿಡದೆ ಮುಂದುವರಿಸುವುದು ಸುಲಭವಾಗಬೇಕು ಅಂದರೆ ಬಿರುಸು ನಡಿಗೆ. ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು ವೇಗ. ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ವಾರಕ್ಕೆ 150 ನಿಮಿಷ ಸಾಕು.

ಭಾರ ಎತ್ತುವುದರಿಂದ ದಮ್ಮು ಅಷ್ಟಾಗಿ ಬೆಳೆಯುವುದಿಲ್ಲ. ಆದರೆ ಊಟದ ನಂತರ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಹೀರುವುದು ಸ್ನಾಯುವೇ ಅಲ್ವಾ? ವಯಸ್ಸು 50 ದಾಟಿ ಸ್ನಾಯು ಕರಗುತ್ತಿದ್ದರೆ, ಸಕ್ಕರೆ ಕಾಯಿಲೆಯ ಭಯವಿದ್ದರೆ, ನಡಿಗೆಯ ಜೊತೆ ವಾರಕ್ಕೆ 2 ದಿನ ಇದನ್ನೂ ಸೇರಿಸಿಕೊಳ್ಳಿ. ಜಿಮ್ ಬೇಕಿಲ್ಲ, ಕುರ್ಚಿಯಿಂದ ಎದ್ದು ಕೂರುವುದರಿಂದಲೇ ಶುರು ಮಾಡಬಹುದು.