ಮಾರಿಯೊ ಮತ್ತೆ ಆಡೋಕೆ ಯಾವ್ದು ಸರಿ: ಎಸ್‌ಪಿ ರೋಡ್ ಸ್ಟಿಕ್ಕಾ, ಸ್ವಿಚ್ಚಾ, ಹಳೇ ಲ್ಯಾಪ್‌ಟಾಪಾ?

ಮೊದ್ಲೇ ಹೇಳ್ಬಿಡ್ತೀನಿ, ಗೆದ್ದಿದ್ದು ಮನೇಲಿ ಧೂಳು ಹಿಡೀತಿದ್ದ ಹಳೇ ಲ್ಯಾಪ್‌ಟಾಪು, ಜೊತೆಗೆ ವೈರ್ ಇರೋ ಒಂದು ಯುಎಸ್‌ಬಿ ಗೇಮ್ ಪ್ಯಾಡು. ಆಟ 1985ರ ಸೂಪರ್ ಮಾರಿಯೊ ಬ್ರದರ್ಸ್, ನಮಗೆ ಆಗ ಬರೀ ಮಾರಿಯೊ. ಟಿವಿ ಗೇಮ್ ಡಬ್ಬಕ್ಕೆ ಕ್ಯಾಸೆಟ್ ಊದಿ ಊದಿ ಹಾಕಿ ಆಡ್ತಿದ್ದವ್ರಿಗೆ ಮಾತ್ರ ಈ ಹೋಲಿಕೆ, ಮೊದಲನೇ ಸಲ ಆಡೋರು ಯಾವುದರಲ್ಲಿ ಆಡಿದ್ರೂ ನಡೆಯತ್ತೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರು ಎಸ್‌ಪಿ ರೋಡಲ್ಲಿ ಸಿಗತ್ತಲ್ಲ, ಟಿವಿ ಹಿಂದೆ ಎಚ್‌ಡಿಎಂಐಗೆ ಚುಚ್ಚೋ ಗೇಮ್ ಸ್ಟಿಕ್ಕು, ಎರಡು ವೈರ್‌ಲೆಸ್ ಪ್ಯಾಡ್ ಸಮೇತ. ಸಾವಿರದ ಎಂಟ್ನೂರು ಕೊಟ್ಟೆ. ಅಂಗಡಿಯವ್ನು "ಹತ್ತು ಸಾವಿರ ಗೇಮ್ ಇದೆ ಸಾರ್, ರಿಟೈರ್ ಆಗೋವರ್ಗೂ ಆಡ್ಬೋದು" ಅಂದ. ಒಂದೇ ಗೇಮು ನಾಕು ಹೆಸರಲ್ಲಿ ಬರತ್ತೆ, ಇರ್ಲಿ, ನಮ್ಮ ಹಳೇ ಕ್ಯಾಸೆಟ್ಟಲ್ಲೂ 9999 ಅಂತ ಬರ್ದು ಅದನ್ನೇ ಮಾಡ್ತಿದ್ರು.

ಮಾರಿಯೊ ಹಾಕ್ದೆ. 1-1ರಲ್ಲಿ, ಅಂದ್ರೆ ಮೊದಲನೇ ವರ್ಲ್ಡಿನ ಮೊದಲನೇ ಹಂತದಲ್ಲಿ, ಮೊದ್ಲು ಬರೋ ಆ ಕಂದು ಅಣಬೆ, ಗೂಂಬಾ, ಅದಕ್ಕೇ ಸತ್ತೆ. ಮತ್ತೆ ಆಡಿದ್ರೆ ಎರಡು ಇಟ್ಟಿಗೆ ಅಗಲದ ಮೊದಲನೇ ಗುಂಡಿಗೆ ಬಿದ್ದೆ. ವಯಸ್ಸಾಯ್ತೇನೋ ಕೈ ಓಡ್ತಿಲ್ಲ ಅನ್ಕೊಂಡು ಒಂದು ವಾರ ಪ್ರಾಕ್ಟೀಸ್ ಬೇರೆ ಮಾಡ್ದೆ. ಆಮೇಲೆ ಸುಮ್ನೆ ನಿಂತ ಮಾರಿಯೊನ ಜಂಪ್ ಮಾಡ್ಸಿ ನೋಡ್ದೆ, ಬಟನ್ ಒತ್ತೋದಕ್ಕೂ ಅವ್ನು ಏಳೋದಕ್ಕೂ ನಡುವೆ ಕಣ್ಣಿಗೆ ಕಾಣೋಷ್ಟು ಗ್ಯಾಪ್ ಇದೆ! ಕಂಡಕ್ಟರ್ ಹೋಲ್ಡಾನ್ ಅಂದ್ಮೇಲೂ ಬಸ್ಸು ಸ್ಟಾಪ್ ದಾಟಿ ಹೋಗಿ ನಿಲ್ಲತ್ತಲ್ಲ, ಹಂಗೆ.

ಇದಕ್ಕೆ ಇನ್‌ಪುಟ್ ಲ್ಯಾಗ್ ಅಂತಾರೆ. ಹಳೇ ಡಬ್ಬಾ ಟಿವಿ ಸಿಗ್ನಲ್ ಬರ್ತಾ ಬರ್ತಾ ಗೆರೆ ಗೆರೆಯಾಗಿ ಚಿತ್ರ ಬಿಡಿಸ್ಬಿಡ್ತಿತ್ತು, ಕಾಯೋ ಕೆಲ್ಸನೇ ಇಲ್ಲ. ಈಗಿನ ಟಿವಿ ಒಂದೊಂದು ಫ್ರೇಮನ್ನೂ, ಅಂದ್ರೆ ಒಂದೊಂದು ಚಿತ್ರವನ್ನೂ, ಹಿಡ್ಕೊಂಡು, ದೊಡ್ಡದು ಮಾಡಿ, ಬಣ್ಣ ತಿದ್ದಿ, ನುಣುಪು ಮಾಡಿ ಆಮೇಲೆ ತೋರ್ಸತ್ತೆ. ಸಿನಿಮಾಗೆ ಅದು ಚೆನ್ನ, ಮಾರಿಯೊಗೆ ವಿಷ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡು. ಒಟ್ಟು 100 ಮಿಲಿಸೆಕೆಂಡ್ ಲೇಟ್ ಆಯ್ತು ಅಂತ ಇಟ್ಕೊಂಡ್ರೆ ಆರು ಫ್ರೇಮು. ಬಿ ಬಟನ್ ಒತ್ಕೊಂಡು ಫುಲ್ ಸ್ಪೀಡಲ್ಲಿ ಓಡೋ ಮಾರಿಯೊ ಒಂದು ಫ್ರೇಮಿಗೆ 2.5 ಪಿಕ್ಸೆಲ್ ಹೋಗ್ತಾನೆ, ಅಂದ್ರೆ ಆರು ಫ್ರೇಮಿಗೆ 15. ಇಟ್ಟಿಗೆ ಅಗಲನೇ 16! ಗುಂಡಿ ಅಂಚಿಗೆ ಬಂದ್ಮೇಲೆ ಒತ್ತಿದ್ರೆ ಅವ್ನು ಆಗ್ಲೇ ಗುಂಡಿ ಒಳಗೆ.

ಟಿವಿ ಸೆಟ್ಟಿಂಗಲ್ಲಿ ಎಲ್ಲೋ ಮೂಲೇಲಿ ಗೇಮ್ ಮೋಡ್ ಇತ್ತು, ಅದೂ ಆ ಎಚ್‌ಡಿಎಂಐ ಪೋರ್ಟಿಗೆ ಬೇರೆಯಾಗಿ ಆನ್ ಮಾಡ್ಬೇಕು. ಮಾಡಿದ್ಮೇಲೆ ಅರ್ಧಕ್ಕರ್ಧ ಸರಿ ಹೋಯ್ತು, ನೀವು ಸ್ಟಿಕ್ ತಗೊಂಡಿದ್ರೆ ಮೊದ್ಲು ಇದನ್ನ ಮಾಡಿ. ಉಳಿದರ್ಧ ಆ ಪ್ಯಾಡು ಮತ್ತೆ ಸ್ಟಿಕ್ ಒಳಗಿನ ಎಮ್ಯುಲೇಟರಿಂದು (ಹಳೇ ಡಬ್ಬದ ಥರ ನಟಿಸೋ ಸಾಫ್ಟ್‌ವೇರು) ಅನ್ಸುತ್ತೆ, ಅದಕ್ಕೆ ಮದ್ದಿಲ್ಲ. ಪ್ಯಾಡಿನ ಸೆಲ್ ವೀಕ್ ಆದ್ರಂತೂ ಮಾರಿಯೊ ಒಬ್ನೇ ವಾಕಿಂಗ್ ಹೊರಡ್ತಾನೆ.

ಸ್ವಿಚ್ ಅಂದ್ರೆ ಮಾರಿಯೊ ಮಾಡಿದ ನಿಂಟೆಂಡೊ ಕಂಪನಿದೇ ಈಗಿನ ಗೇಮ್ ಯಂತ್ರ. ಅದು ನಂದಲ್ಲ, ಜೆಪಿ ನಗರದಲ್ಲಿ ಅಕ್ಕನ ಮಗಂದು, ಭಾವ ಅಮೆರಿಕದಿಂದ ತಂದಿದ್ದು. ಆನ್‌ಲೈನ್ ಸದಸ್ಯತ್ವ ವರ್ಷಕ್ಕೆ 20 ಡಾಲರು, ಅದ್ರಲ್ಲಿ ಅವ್ರ ಹಳೇ ಡಬ್ಬ ಎನ್‌ಇಎಸ್‌ನ ಎಷ್ಟೋ ಗೇಮ್‌ಗಳು ಬರತ್ತೆ. ಕೈಯಲ್ಲೇ ಹಿಡ್ಕೊಂಡು ಆಡ್ದೆ, ಒತ್ತಿದ ತಕ್ಷಣ ಜಂಪು, ತಪ್ಪು ಹುಡುಕೋಕೆ ಏನೂ ಇಲ್ಲ. ಸತ್ರೆ ಹಿಂದಕ್ಕೆ ತಿರುಗ್ಸೋ ರಿವೈಂಡ್ ಬೇರೆ ಇದೆ. "ಮಾಮ, ಯಾಕೆ ಮೊದ್ಲಿಂದ ಆಡ್ತೀಯ, ರಿವೈಂಡ್ ಮಾಡು" ಅಂತ ಹುಡುಗ ಪ್ರಾಣ ತಿಂದ. ನಾನು ಮಾಡಲ್ಲ, ಮೂರು ಲೈಫ್ ಮುಗಿದ್ರೆ ಮುಗೀತು.

ಆದ್ರೆ ಏನೋ ಸರಿ ಇಲ್ಲ ಅನ್ನಿಸ್ತಾನೇ ಇತ್ತು. ಮ್ಯೂಸಿಕ್ಕು ಅವಸರ ಅವಸರ, ಆಮೆಗಳೂ ಅವಸರ. ಶ್ರುತಿ ಅದೇ, ಲಯ ಮಾತ್ರ ಜಾಸ್ತಿ. ಹುಡುಕಿ ಓದಿದ್ಮೇಲೆ ಗೊತ್ತಾಯ್ತು, ಸ್ವಿಚ್ಚಲ್ಲಿ ಬರೋದೇ ಅಸಲಿ ಸ್ಪೀಡು! ಜಪಾನ್, ಅಮೆರಿಕದ ಹಳೇ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸ್ತಿತ್ತು, ಪಾಲ್ ಅನ್ನೋ ಪದ್ಧತಿಯ ನಮ್ಮ ಟಿವಿ 50 ಸಲ. ನಮ್ಮನೆ ಟಿವಿ ಗೇಮು 50ಕ್ಕೆ ಹೊಂದ್ಸಿದ ಕಾಪಿ ಡಬ್ಬ, ಗೇಮ್ ಮಾತ್ರ 60ಕ್ಕೆ ಬರ್ದಿದ್ದು, ಹಾಗಾಗಿ ಆರರಲ್ಲಿ ಒಂದು ಭಾಗ ನಿಧಾನ. ಪ್ರೊಸೆಸರ್ ಸ್ಪೀಡ್ ಹೆಚ್ಚುಕಮ್ಮಿ ಅಷ್ಟೇ ಇದ್ದಿದ್ರಿಂದ ಶ್ರುತಿ ಇಳೀಲಿಲ್ಲ. ಗೇಮಲ್ಲಿ ಮೇಲೆ 400ರಿಂದ ಇಳಿಯೋ ಟೈಮ್ ಇದ್ಯಲ್ಲ, ಅದು 24 ಫ್ರೇಮಿಗೆ ಒಂದು ಕಮ್ಮಿ ಆಗತ್ತೆ, ಅಸಲಿಯಲ್ಲಿ 160 ಸೆಕೆಂಡಿಗೆ ಖಾಲಿ, ನಮ್ಮದ್ರಲ್ಲಿ 192. ನನ್ನ ಹೆಬ್ಬೆರಳು ಕಲ್ತಿರೋದು ಆ ನಿಧಾನದ ಮಾರಿಯೊನ, ಈಗ ಅಸಲಿ ಕೊಟ್ರೆ ಅದಕ್ಕೆ ಒಗ್ಗಲ್ಲ.

ಲ್ಯಾಪ್‌ಟಾಪ್ ಗೆದ್ದಿದ್ದು ಇಲ್ಲೇ. ಹಳೇ ಗೇಮ್ ಆಡ್ಸೋ ರೆಟ್ರೋಆರ್ಚ್ ಅನ್ನೋ ಸಾಫ್ಟ್‌ವೇರ್ ಹಾಕಿ, ಅದ್ರೊಳಗೆ ನೆಸ್ಟೋಪಿಯಾ ಅನ್ನೋ ಎನ್‌ಇಎಸ್ ಎಮ್ಯುಲೇಟರ್ ತಗೊಂಡ್ರೆ ಸೆಟ್ಟಿಂಗಲ್ಲಿ ಡೆಂಡಿ ಅಂತ ಒಂದು ಆಯ್ಕೆ ಇದೆ. ಡೆಂಡಿ ಅಂದ್ರೆ 90ರ ದಶಕದಲ್ಲಿ ರಷ್ಯಾದಲ್ಲಿ ಮಾರ್ತಿದ್ದ ನಮ್ಮ ಥರದ್ದೇ ಕಾಪಿ ಡಬ್ಬ. ಅದನ್ನ ಸೆಲೆಕ್ಟ್ ಮಾಡಿ ಟೈಟಲ್ ದಾಟಿದ್ನೋ ಇಲ್ವೋ, ಮ್ಯೂಸಿಕ್ ಶುರುವಾಯ್ತು ನೋಡಿ, ಅದೇ ಲಯ! ಅಡುಗೆಮನೆಯಿಂದ ಅಮ್ಮ "ಮತ್ತೆ ಶುರುವಾಯ್ತಾ ಕುಯ್ಯೋ ಮರ್ರೋ" ಅಂದ್ರು. ಇದಕ್ಕೆ ಗೇಮಿನ ಯುರೋಪ್ ಆವೃತ್ತಿ ಹಾಕ್ಬೇಡಿ, ಅದನ್ನ 50ಕ್ಕೆ ಅಂತ್ಲೇ ಸ್ಪೀಡ್ ತಿದ್ದಿದಾರೆ. ಹಾಂ, ನೆಟ್ಟಿಂದ ಗೇಮ್ ಫೈಲ್ ಇಳ್ಸೋದು ಕಾಪಿರೈಟ್ ಪ್ರಕಾರ ತಪ್ಪೇ, ಅದು ಮನಸ್ಸಿಗೆ ಬರಲ್ಲ ಅನ್ನೋರು ಸ್ವಿಚ್ ಕಡೆ ಹೋಗಿ.

ಪ್ಯಾಡಿಗೆ ನಾನೂರೈವತ್ತು ಆಯ್ತು. ಬಿ ಎಡಕ್ಕೆ, ಎ ಬಲಕ್ಕೆ, ಎರಡೂ ಒಂದೇ ಸಾಲಲ್ಲಿರೋ ಚೌಕದ್ದೇ ತಗೊಳ್ಳಿ, ಒಂದೇ ಬೆರಳಲ್ಲಿ ಓಡ್ತಾ ಹಾರ್ಬೇಕಲ್ಲ. ಹಳೇ ಡಬ್ಬಾ ಟಿವಿ ತರೋ ಯೋಚ್ನೆನೂ ಬಂತು, ನಮ್ಮ ಎರಡು ರೂಮಿನ ಬಾಡಿಗೆ ಮನೇಲಿ ಅದನ್ನ ಇಡೋದೆಲ್ಲಿ.

ಈಗ ಊಟ ಆದ್ಮೇಲೆ ಅರ್ಧ ಗಂಟೆ ಆಡ್ತೀನಿ. ಆಗೆಲ್ಲ 1-2ರಲ್ಲಿ ಮೇಲ್ಗಡೆ ಹತ್ತಿ ಪೈಪ್ ಹೊಕ್ಕು ಸೀದಾ 4ನೇ ವರ್ಲ್ಡಿಗೆ ಹೋಗ್ತಿದ್ವಿ, ಹಂಗಾಗಿ 2, 3 ಸರಿಯಾಗಿ ನೋಡೇ ಇರ್ಲಿಲ್ಲ, 2-3ರ ಸೇತುವೆ ಮೇಲೆ ಹಾರೋ ಮೀನುಗಳು ಈಗ ಪ್ರಾಣ ತೆಗೀತಿವೆ. ಗೇಮ್ ಓವರ್ ಆದ್ರೆ ಟೈಟಲ್ಲಲ್ಲಿ ಎ ಹಿಡ್ಕೊಂಡು ಸ್ಟಾರ್ಟ್ ಒತ್ತಿ, ಸತ್ತ ವರ್ಲ್ಡಿನ ಮೊದಲನೇ ಹಂತದಿಂದ ಶುರುವಾಗತ್ತೆ, ಇದು ಆಗ ನಮ್ಮ ಬೀದೀಲಿ ಒಬ್ರಿಗೂ ಗೊತ್ತಿರ್ಲಿಲ್ಲ.

ದುಡ್ಡಿದ್ರೆ, ಮನೇಲಿ ಮಕ್ಕಳಿದ್ರೆ ಸ್ವಿಚ್ಚೇ ತಗೊಳ್ಳಿ, ಬೇರೆ ಗೇಮೂ ಆಡ್ಬೋದು. ಸ್ಟಿಕ್ಕು ಯಾರಿಗಾದ್ರೂ ಬೇಕಾದ್ರೆ ಹೇಳಿ, ಅರ್ಧ ರೇಟಿಗೆ ಕೊಡ್ತೀನಿ, ಸೆಲ್ ನೀವೇ ಹಾಕ್ಕೊಳ್ಳಿ.