ಒಂದು ಬಾಟ್ಲಿ, ನಾಲ್ಕು ರೇಟು

ಕಾಕಾ ಹಡಗಿನಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಬೆಳಗಾವಿ ಶಹಾಪುರದ ಮನೆಯ ಒಂದು ಟ್ರಂಕು ನನ್ನ ಪಾಲಿಗೆ ಬಂತು. ಒಳಗೆ ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಿದ್ದ ಬಾಟ್ಲಿ. ಓಲ್ಡ್ ಗ್ರ್ಯಾಂಡ್-ಡ್ಯಾಡ್ ಅನ್ನೋ ಬೋರ್ಬನ್, ಅಂದರೆ ಅಮೆರಿಕದ ವಿಸ್ಕಿ. ಸೀಲ್ ಒಡೆದಿಲ್ಲ. ನಾನು ಕುಡಿಯೋನಲ್ಲ. ಬೆಲೆ ಎಷ್ಟಿದ್ದೀತು ಅಂತ ತಿಳಿಯೋ ಹುಚ್ಚು ಮಾತ್ರ ಹಿಡಿಯಿತು.

ಮೊದಲು ಕ್ಯಾಂಪಿನ ಒಂದು ವೈನ್ ಶಾಪ್‌ಗೆ ಹೋಗಿ ಫೋಟೋ ತೋರಿಸಿದೆ. "ಎಂಆರ್‌ಪಿನ ಇಲ್ಲಲ್ರಿ ಇದಕ್ಕ! ಇಷ್ಟು ಹಳೇದಂದ್ರ ಕೆಟ್ಟಿರ್ತೈತ್ರಿ" ಅಂದರು. ಅಲ್ಲಿಗೆ ಮುಗೀತು. ಆದರೆ ಸೀಲ್ ಇರೋ ವಿಸ್ಕಿ ಹಾಲಿನ ಹಾಗೆ ಕೆಡುವುದಿಲ್ಲ. ಹಾಗಂತ ಬಾಟ್ಲಿಯಲ್ಲಿ ಇನ್ನಷ್ಟು ಪಕ್ವವೂ ಆಗುವುದಿಲ್ಲ. ಅದೆಲ್ಲ ಆಗೋದು ಪೀಪಾಯಿಯಲ್ಲಿದ್ದಾಗ.

ಎರಡನೆಯದು ಇಂಟರ್ನೆಟ್. ಅಲ್ಲಿ ಕಂಡ ಅಂಕಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ತಿಳೀತು, ಅದು ಮಾರುವವರು ಬರೆದುಕೊಂಡ ರೇಟು. ರವಿವಾರ ಪೇಟೆಯಲ್ಲಿ ಮೊದಲು ಹೇಳಿದ ರೇಟಿಗೆ ಯಾರಾದರೂ ಬೆಲ್ಲ ಕೊಳ್ತಾರಾ?

ಮೂರನೆಯದು ವಿದೇಶಿ ಹರಾಜಿನ ಹಳೇ ಫಲಿತಾಂಶ. ನಿಜಕ್ಕೂ ಎಷ್ಟಕ್ಕೆ ಹೋಯಿತು ಅನ್ನೋದು ಅಲ್ಲಿ ಸಿಗುತ್ತದೆ. ಆದರೆ ಅದೇ ಹೆಸರಿನ ಬಾಟ್ಲಿ ಹತ್ತಾರು ಕಾಲದ್ದಿದೆ, ರೇಟೂ ಬೇರೆ ಬೇರೆ. ನಮ್ಮದು ಯಾವ ಕಾಲದ್ದು ಅಂತ ನಾವೇ ಪತ್ತೆ ಹಚ್ಚಬೇಕು. ಒಂದು ಸಂಜೆ ಮೊಬೈಲ್ ಟಾರ್ಚ್ ಹಿಡಿದು ಕೂತೆ. ಲೇಬಲ್ ಮೇಲೆ ಎಂಎಲ್ ಅಲ್ಲ, 4/5 ಕ್ವಾರ್ಟ್ ಅಂತ ಅಮೆರಿಕದ ಅಳತೆ ಇದೆ. 1980ರಿಂದ ಅಮೆರಿಕದಲ್ಲಿ 750 ಎಂಎಲ್ ಕಡ್ಡಾಯವಾಯಿತು, ಅಂದರೆ ಇದು ಅದಕ್ಕಿಂತ ಹಳೇದು. 1989ರಲ್ಲಿ ಕಡ್ಡಾಯವಾದ ಆರೋಗ್ಯದ ಎಚ್ಚರಿಕೆಯೂ ಇಲ್ಲ. ಮುಚ್ಚಳದ ಮೇಲೆ ಹಸಿರು ಪಟ್ಟಿ. ಹಸಿರು ಅಂದರೆ 'ಬಾಟಲ್ಡ್ ಇನ್ ಬಾಂಡ್': ಒಂದೇ ಡಿಸ್ಟಿಲರಿ, ಒಂದೇ ಸೀಸನ್, ಕನಿಷ್ಠ 4 ವರ್ಷ ಪೀಪಾಯಿಯಲ್ಲಿ, ಆಲ್ಕೋಹಾಲ್ ಶೇ. 50. 1897ರ ಕಾನೂನು ಇದು. ಪಟ್ಟಿಯ ಸಣ್ಣ ಅಕ್ಷರ ಓದಲು ಹೆಂಡತಿಯ ಕನ್ನಡಕ ಬೇಕಾಯಿತು: ತಯಾರಿ 1966ರ ವಸಂತ, ಬಾಟ್ಲಿಗೆ ತುಂಬಿದ್ದು 1970ರ ಕೊನೆಯ ಅರ್ಧ. ಬಾಟ್ಲಿ ಹಿಂದೆ ಟಾರ್ಚ್ ಇಟ್ಟಾಗ ಬೇಜಾರಾಯಿತು. ಕತ್ತಿನ ತನಕ ಇರಬೇಕಾದ ಮಾಲು ಹೆಗಲಿಗೆ ಇಳಿದಿದೆ. ಅದೇ ಕಾಲದ, ಅಷ್ಟೇ ಇಳಿದ ಬಾಟ್ಲಿಗಳನ್ನು ಮಾತ್ರ ಹುಡುಕಿ ನೋಡಿದೆ. ನಿದ್ದೆ ಕೆಡಿಸಿದ ಅಂಕಿಯ ಅರ್ಧವೂ ಇರಲಿಲ್ಲ. ಅದರಲ್ಲೂ ಹರಾಜಿನವರ ಕಮಿಷನ್ ಹೋಗಬೇಕು.

ನಾಲ್ಕನೆಯದು ಅಮೆರಿಕದಲ್ಲಿರೋ ಅಕ್ಕನ ಮಗ. ಕೆಂಟಕಿಯಲ್ಲಿ 2018ರಿಂದ ಲೈಸೆನ್ಸ್ ಇರೋ ಅಂಗಡಿಯವರು ಜನರ ಹತ್ತಿರ ಹಳೇ ಬಾಟ್ಲಿ ಕೊಳ್ಳಬಹುದು. ಅಂಥ ಒಂದು ಅಂಗಡಿಗೆ ಫೋನ್ ಹಚ್ಚಿದ. ಹರಾಜಿಗಿಂತ ಇನ್ನೂ ಕಮ್ಮಿ ಹೇಳಿದರು. ಅವರೂ ಮಾರಿ ನಾಲ್ಕು ಕಾಸು ಉಳಿಸಬೇಕಲ್ಲ, ತಪ್ಪೇನಿಲ್ಲ. ಕೇಳಿದ ಹತ್ತು ನಿಮಿಷಕ್ಕೆ ಉತ್ತರ ಬಂತು ಅನ್ನೋದೇ ಇದರ ಲಾಭ. ಬಾಟ್ಲಿ ಅಲ್ಲೇ ಇದ್ದವರಿಗೆ ಇದೇ ಸಲೀಸು.

ಬೆಲೆ ತಿಳಿಯಲಿಕ್ಕೆ ನನ್ನ ಮಟ್ಟಿಗೆ ಹರಾಜಿನ ಫಲಿತಾಂಶವೇ ಸೈ, ಒಂದು ಸಂಜೆ ಹಾಳಾದರೂ. ಮಾರೋ ಮಾತು ಬೇರೆ. ಲೈಸೆನ್ಸ್ ಇಲ್ಲದೆ ಮದ್ಯ ಮಾರಿದರೆ ಅಬಕಾರಿಯವರು ಸುಮ್ನೆ ಬಿಡ್ತಾರಾ?

ಹಾಗಾಗಿ ಸದ್ಯಕ್ಕೆ ಬಾಟ್ಲಿ ಅಡುಗೆಮನೆ ಕಪಾಟಿನಲ್ಲಿದೆ, ಕತ್ತಲಲ್ಲಿ, ನಿಲ್ಲಿಸಿ. ಮಲಗಿಸಿದರೆ ಮುಚ್ಚಳಕ್ಕೆ ಒಳ್ಳೇದಲ್ಲ. ಕಾಕೂಗೆ ಇದನ್ನು ಹೇಳಿದೆ. "ಟ್ರಂಕಿನ್ಯಾಗ ಇಷ್ಟು ವರ್ಷ ಮಕ್ಕೊಂಡಿತ್ತಲ್ಲೋ, ಈಗ್ಯಾಕ ನಿಂದರಿಸ್ತಿ? ನನ್ನ ಎಣ್ಣಿ ಡಬ್ಬಿ ಎಲ್ಲಿಡ್ಲಿ?"